ನಕ್ಷೆಯ ಡೇಟಾಗೆ ಒಳ್ಳೆಯ ಮೆಟಾಡೇಟಾ ಬರೆಯುವುದು ಹೇಗೆ? ಕೋಲಾರದ ಕೆರೆಗಳ ಫೈಲ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯ ಕೆರೆಗಳ ಜಿಐಎಸ್ (ಕಂಪ್ಯೂಟರ್ ನಕ್ಷೆ) ಫೈಲ್ ಒಂದು ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ತೆರೆದರೆ ನೀಲಿ ಪಾಲಿಗನ್‌ಗಳು (ಗಡಿ ಎಳೆದ ಆಕಾರಗಳು), ಜೊತೆಗೆ ಹೆಸರು, ವಿಸ್ತೀರ್ಣ. ನೋಡಲು ಚೆನ್ನಾಗಿದೆ. ಆದರೆ ಆ ನೀಲಿ ಯಾವುದರದ್ದು? ಕಂದಾಯ ದಾಖಲೆಯಲ್ಲಿ ಕೆರೆ ಎಂದು ಬರೆದ ಜಾಗವಾ? ಕೋಡಿ ಹರಿಯುವಷ್ಟು ತುಂಬಿದಾಗ ನೀರು ನಿಲ್ಲುವ ಜಾಗವಾ? ಇಲ್ಲಾ, ಉಪಗ್ರಹ ಚಿತ್ರ ತೆಗೆದ ದಿನ ನೀರು ಕಂಡ ಜಾಗ ಮಾತ್ರವಾ? ಚಿತ್ರ 2017ರ ಮೇ ತಿಂಗಳಿನದಾದರೆ ಒಂದು ಕಥೆ, 2021ರ ನವೆಂಬರಿನದಾದರೆ ಬೇರೆಯದೇ ಕಥೆ. ಬೇಸಿಗೆ, ಮಳೆಗಾಲದ ವ್ಯತ್ಯಾಸ ಹೇಗೂ ಇದೆ. ಅದರ ಮೇಲೆ, 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು.

ಈ ಯಾವ ಪ್ರಶ್ನೆಗೂ ಪಾಲಿಗನ್ ಉತ್ತರ ಹೇಳುವುದಿಲ್ಲ. ಉತ್ತರ ಇರುವುದು ಫೈಲ್ ಮಾಡಿದವರ ತಲೆಯಲ್ಲಿ. ಅವರು ಕೆಲಸ ಬಿಟ್ಟರೆ, ಅಥವಾ ಸುಮ್ನೆ ಮರೆತರೆ, ಅಲ್ಲಿಗೆ ಮುಗಿಯಿತು.

ಇಂಥ ಉತ್ತರಗಳನ್ನು ಡೇಟಾದ ಜೊತೆಗೇ ಬರೆದಿಡುವುದೇ ಮೆಟಾಡೇಟಾ. ಅದಕ್ಕೆ ಜಗತ್ತಿನಲ್ಲಿ ಮಾನದಂಡಗಳಿಗೆ ಕೊರತೆ ಇಲ್ಲ. ಅಮೆರಿಕದ ಎಫ್‌ಜಿಡಿಸಿ ಮಾನದಂಡದ 1998ರ ಆವೃತ್ತಿ ಇದೆ. 2003ರಲ್ಲಿ ಬಂದು 2014ರಲ್ಲಿ ಪರಿಷ್ಕಾರವಾದ ಐಎಸ್‌ಒ 19115 ಇದೆ. ಎರಡರಲ್ಲೂ ನೂರಾರು ಅಂಶಗಳಿವೆ. ಅದನ್ನೆಲ್ಲ ತುಂಬಲು ಹೊರಟರೆ ಯಾರಿಗಾದರೂ ಸುಸ್ತಾಗುತ್ತದೆ. ನಾನು ನೋಡಿದ ಎಷ್ಟೋ ಮೆಟಾಡೇಟಾಗಳಲ್ಲಿ ಫಾರ್ಮ್ ಪೂರ್ತಿ ತುಂಬಿರುತ್ತದೆ, ಬೇಕಾದ ಮಾತು ಮಾತ್ರ ಒಂದೂ ಇರುವುದಿಲ್ಲ. ಆದ್ದರಿಂದ ನನ್ನ ಲೆಕ್ಕಾಚಾರ ಸರಳ. ಎಷ್ಟು ಫೀಚರ್ (ನಕ್ಷೆಯ ಮೇಲಿನ ಒಂದೊಂದು ಆಕಾರ) ಇವೆ, ಎಲ್ಲಿಂದ ಎಲ್ಲಿವರೆಗೆ ಇದೆ, ಯಾವ ಫಾರ್ಮ್ಯಾಟ್, ಇವನ್ನೆಲ್ಲ ಸಾಫ್ಟ್‌ವೇರ್ ತಾನೇ ಓದಿ ಹೇಳುತ್ತದೆ. ನಿಮ್ಮ ಸಮಯವನ್ನು ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಲು ಇಟ್ಟುಕೊಳ್ಳಿ. ಈ ಕೆರೆಗಳ ಫೈಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ.

ಹಂತ 1: ಕೆಲಸ ಶುರು ಮಾಡಿದ ದಿನವೇ ಒಂದು ಟೆಕ್ಸ್ಟ್ ಫೈಲ್ ತೆರೆಯಿರಿ

ಮೆಟಾಡೇಟಾವನ್ನು ಕೊನೆಗೆ ಬರೆಯೋಣ ಎಂದು ಇಟ್ಟುಕೊಂಡರೆ ಅದು ಆಗುವುದಿಲ್ಲ. ಒಂದು ವೇಳೆ ಬರೆದರೂ ಅಷ್ಟರಲ್ಲಿ ಅರ್ಧ ಮರೆತಿರುತ್ತದೆ. ಡೇಟಾ ಇರುವ ಫೋಲ್ಡರಿನಲ್ಲೇ ಒಂದು ಸಾದಾ ಟೆಕ್ಸ್ಟ್ ಫೈಲ್ ಇಡಿ. ಚಿತ್ರ ಡೌನ್‌ಲೋಡ್ ಮಾಡಿದಾಗ ಅದರ ಪೂರ್ತಿ ಹೆಸರು ಮತ್ತು ದಿನಾಂಕ, ಯಾವುದಾದರೂ ಟೂಲ್ ಓಡಿಸಿದಾಗ ಅದರ ಸೆಟ್ಟಿಂಗ್, ಯಾವುದಾದರೂ ಪಾಲಿಗನ್ ಅಳಿಸಿದಾಗ ಯಾಕೆ ಅಳಿಸಿದಿರಿ, ಇಷ್ಟನ್ನು ಆಗಾಗಲೇ ಒಂದೊಂದು ಸಾಲು ಗೀಚಿಡಿ. ಭಾಷೆ ಚೆಂದ ಇರಬೇಕಿಲ್ಲ. ಮುಂದಿನ ಹಂತಗಳ ಮುಕ್ಕಾಲು ಪಾಲು ಸರಕು ಇದರಲ್ಲೇ ಸಿಗುತ್ತದೆ.

ಹಂತ 2: ಏನನ್ನು ಎಣಿಸಿದ್ದೀರಿ ಎಂದು ಹೇಳಿ

ನಮ್ಮಲ್ಲಿ ಕೆರೆ ಇದೆ, ಕಟ್ಟೆ ಇದೆ, ಕುಂಟೆ ಇದೆ, ಗೋಕಟ್ಟೆ ಇದೆ, ಕಲ್ಯಾಣಿ ಇದೆ. ನಿಮ್ಮ ಫೈಲಿನಲ್ಲಿ ಯಾವುವು ಸೇರಿವೆ? ಕಲ್ಲು ಕ್ವಾರಿಯಲ್ಲಿ ನಿಂತ ನೀರನ್ನು ಬಿಟ್ಟಿದ್ದೀರಾ? ತೋಟದ ಕೃಷಿ ಹೊಂಡಗಳನ್ನು? ಒಂದು ಗಾತ್ರಕ್ಕಿಂತ ಚಿಕ್ಕದನ್ನು ಕೈಬಿಟ್ಟಿದ್ದರೆ ಆ ಗಾತ್ರ ಎಷ್ಟು? ಇದನ್ನು ಹೇಳದೆ ಹೋದರೆ, "ಈ ತಾಲ್ಲೂಕಿನಲ್ಲಿ ಇಷ್ಟೇ ಕೆರೆ ಇರೋದು" ಎಂದು ಯಾರೋ ವರದಿ ಬರೆದುಬಿಡುತ್ತಾರೆ.

ಇಲಾಖೆಗಳೂ ಗಾತ್ರ ನೋಡಿಯೇ ಕೆರೆಗಳನ್ನು ಹಂಚಿಕೊಂಡಿವೆ. 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು (ಕೆರೆ ನೀರುಣಿಸುವ ಜಮೀನು) ಇದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆ ಇದ್ದರೆ ಪಂಚಾಯತ್ ವ್ಯವಸ್ಥೆ. ಹಾಗಾಗಿ ಒಂದೇ ಇಲಾಖೆಯ ಪಟ್ಟಿಯಿಂದ ಶುರು ಮಾಡಿದ ಫೈಲಿನಲ್ಲಿ ಉಳಿದ ಕೆರೆಗಳು ಇರುವುದೇ ಇಲ್ಲ. ಪಟ್ಟಿ ಯಾರದ್ದು ಎಂಬುದನ್ನು ತಪ್ಪದೆ ಬರೆಯಿರಿ.

ಹಂತ 3: ಶೀರ್ಷಿಕೆ ಮತ್ತು ಸಾರಾಂಶ

ಶೀರ್ಷಿಕೆಯಲ್ಲಿ ಏನು, ಎಲ್ಲಿ, ಯಾವಾಗ ಈ ಮೂರೂ ಬರಲಿ. "ಕೆರೆ_ಫೈನಲ್_ಹೊಸದು_2" ಶೀರ್ಷಿಕೆ ಅಲ್ಲ. "ಕೋಲಾರ ಜಿಲ್ಲೆಯ ಕೆರೆಗಳಲ್ಲಿ ನೀರು ನಿಂತ ಪ್ರದೇಶ, ನವೆಂಬರ್ 2021, ಸೆಂಟಿನೆಲ್-2 ಚಿತ್ರದಿಂದ" ಎಂದರೆ ಸಾಕು (ಸೆಂಟಿನೆಲ್-2 ಯುರೋಪಿನ ಉಪಗ್ರಹ). ಫೈಲ್ ತೆರೆಯದೆಯೇ ಇದು ತನಗೆ ಬೇಕಾ ಬೇಡವಾ ಎಂದು ಓದುಗರು ತೀರ್ಮಾನ ಮಾಡಬಹುದು.

ಸಾರಾಂಶ ಐದಾರು ವಾಕ್ಯ ಸಾಕು. ಅದರಲ್ಲಿ ಇಲಾಖೆಯ ಗುರಿ, ಧ್ಯೇಯ, ಯೋಜನೆಯ ಹಿರಿಮೆ ಬೇಡ. ಹೀಗೆ ಬರೆಯಬಹುದು (ಅಂಕಿಗಳು ಉದಾಹರಣೆಗೆ ಮಾತ್ರ; ಜಿಐಎಸ್‌ನಲ್ಲಿ ಇಂಥ ಒಂದು ಡೇಟಾವನ್ನು ಪದರ ಎನ್ನುತ್ತಾರೆ):

"ಕೋಲಾರ ಜಿಲ್ಲೆಯ ಕೆರೆ ಮತ್ತು ಕುಂಟೆಗಳಲ್ಲಿ 2021ರ ನವೆಂಬರಿನಲ್ಲಿ ಕಂಡ ನೀರಿನ ಹರವನ್ನು ಈ ಪದರ ತೋರಿಸುತ್ತದೆ. 10 ಮೀಟರ್ ರೆಸಲ್ಯೂಷನ್ನಿನ ಸೆಂಟಿನೆಲ್-2 ಚಿತ್ರದಿಂದ ತೆಗೆದು, ಕೈಯಿಂದ ತಿದ್ದಲಾಗಿದೆ. ಅರ್ಧ ಎಕರೆಗಿಂತ ಚಿಕ್ಕ ನೀರಿನ ತಾಣಗಳನ್ನು, ಕ್ವಾರಿ ಮತ್ತು ಕೃಷಿ ಹೊಂಡಗಳನ್ನು ಬಿಡಲಾಗಿದೆ. ಇದು ಆ ದಿನದ ನೀರಿನ ಗಡಿ. ಕೆರೆಯ ಕಾನೂನುಬದ್ಧ ಗಡಿ ಅಲ್ಲ. ತಾಲ್ಲೂಕು ಮಟ್ಟದಲ್ಲಿ ನೀರಿನ ಸ್ಥಿತಿ ಹೋಲಿಸಲು ತಯಾರಿಸಿದ್ದು."

ಹಂತ 4: ಯಾವಾಗಿನದು?

ಇಲ್ಲಿ ಕನಿಷ್ಠ ಮೂರು ದಿನಾಂಕಗಳಿವೆ, ಜನ ಒಂದನ್ನೇ ಹಾಕಿ ಸುಮ್ಮನಾಗುತ್ತಾರೆ. ಚಿತ್ರ ತೆಗೆದ ದಿನ, ಫೈಲ್ ತಯಾರಾದ ದಿನ, ಹೊರಗೆ ಬಿಟ್ಟ ದಿನ. ಓದುಗರಿಗೆ ಜಾಸ್ತಿ ಬೇಕಾಗುವುದು ಮೊದಲನೆಯದು. ಕಂಪ್ಯೂಟರ್ ತಾನಾಗಿ ತೋರಿಸುವುದು ಎರಡನೆಯದು. 2021ರ ಚಿತ್ರದಿಂದ 2024ರಲ್ಲಿ ಫೈಲ್ ಮಾಡಿದರೆ ಅದು 2024ರ ಡೇಟಾ ಆಗುವುದಿಲ್ಲ, ಅಲ್ವಾ?

ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ: 2021-11-04. ಇದು ಐಎಸ್‌ಒ ಕ್ರಮ. 04/11/2021 ಎಂದರೆ ಇಲ್ಲಿ ನವೆಂಬರ್, ಅಮೆರಿಕದಲ್ಲಿ ಏಪ್ರಿಲ್.

ಗಡಿಗಳಿಗೂ ವಯಸ್ಸಿದೆ. 2001ರ ಜನಗಣತಿಯ ಕೋಲಾರ ಜಿಲ್ಲೆಯೇ ಬೇರೆ, 2011ರದ್ದೇ ಬೇರೆ, ಯಾಕೆಂದರೆ ನಡುವೆ 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಆಮೇಲೆ ಬಂಗಾರಪೇಟೆಯಿಂದ ಕೆಜಿಎಫ್ ತಾಲ್ಲೂಕು ಬೇರೆಯಾಯಿತು. ಹಾಗಾಗಿ "ಜಿಲ್ಲಾ ಗಡಿ" ಎಂದು ಬರೆದರೆ ಸಾಲದು. ಯಾವ ವರ್ಷದ ಗಡಿ ಎಂದೂ ಬರೆಯಬೇಕು. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಕೋಲಾರದ ಅರ್ಧ ಕೆರೆಗಳೇ ಮಾಯವಾದವು ಎಂಬ ಸುದ್ದಿ ಹುಟ್ಟಿಕೊಳ್ಳುತ್ತದೆ.

ಹಂತ 5: ಎಲ್ಲಿಯದು, ಯಾವ ಅಳತೆಯ ಚೌಕಟ್ಟಿನಲ್ಲಿ?

ಬೌಂಡಿಂಗ್ ಬಾಕ್ಸ್, ಅಂದರೆ ಪಶ್ಚಿಮ, ಪೂರ್ವ, ದಕ್ಷಿಣ, ಉತ್ತರದ ಕೊನೆಯ ಅಂಕಿಗಳನ್ನು ಸಾಫ್ಟ್‌ವೇರ್ ಕೊಡುತ್ತದೆ. ನೀವು ಒಮ್ಮೆ ಕಣ್ಣಾಡಿಸಿ, ಅಷ್ಟೇ. ಕರ್ನಾಟಕದ ಡೇಟಾದಲ್ಲಿ ರೇಖಾಂಶ 74ರಿಂದ 79ರ ಒಳಗೆ, ಅಕ್ಷಾಂಶ 11ರಿಂದ 19ರ ಒಳಗೆ ಇರಬೇಕು. ಇವೆರಡು ಅದಲು ಬದಲಾಗುವುದು ಬಹಳ ಸಾಮಾನ್ಯ. ಕೋಲಾರ ಪಟ್ಟಣದ ಅಕ್ಷಾಂಶ ಸುಮಾರು 13.13, ರೇಖಾಂಶ 78.13. ತಿರುಗಿಸಿ ಹಾಕಿದರೆ ಕೋಲಾರ ಹೋಗಿ ಉತ್ತರ ಧ್ರುವದ ಕಡೆ ಸ್ವಾಲ್ಬಾರ್ಡ್ ದ್ವೀಪಗಳ ದಡದಲ್ಲಿ ಕೂರುತ್ತದೆ. ಬರಗಾಲದ ಜಿಲ್ಲೆಗೆ ಅಷ್ಟು ಹಿಮ ಸಿಗುವುದು ಒಳ್ಳೆಯದೇ, ಆದರೆ ನಕ್ಷೆಗೆ ಅಲ್ಲ.

ಇದಕ್ಕಿಂತ ಮುಖ್ಯವಾದದ್ದು ನಿರ್ದೇಶಾಂಕ ವ್ಯವಸ್ಥೆ, ಅಂದರೆ ಸಿಆರ್‌ಎಸ್: ನೆಲದ ಮೇಲಿನ ಜಾಗವನ್ನು ಅಂಕಿಗಳಲ್ಲಿ ಹೇಳುವ ಪದ್ಧತಿ. ಹೆಸರಿನ ಜೊತೆ ಇಪಿಎಸ್‌ಜಿ ಸಂಖ್ಯೆಯನ್ನೂ (ಪ್ರತಿ ವ್ಯವಸ್ಥೆಗೂ ಇರುವ ಗುರುತಿನ ಸಂಖ್ಯೆ) ಬರೆಯಿರಿ. ಡಬ್ಲ್ಯುಜಿಎಸ್ 84ರ ಅಕ್ಷಾಂಶ ರೇಖಾಂಶಕ್ಕೆ 4326. ಅದೇ ಡೇಟಮ್‌ನ (ಭೂಮಿಯ ಆಕಾರದ ಆಧಾರ ಮಾದರಿಯ) ಯುಟಿಎಂನಲ್ಲಿ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿಯಲ್ಲಿ, ವಲಯ 43 ಉತ್ತರಕ್ಕೆ 32643, ವಲಯ 44ಕ್ಕೆ 32644. ಸುಮ್ನೆ "ಯುಟಿಎಂ" ಎಂದು ಬರೆದು ಬಿಟ್ಟರೆ ಕೋಲಾರದಲ್ಲಿ ನಿಜಕ್ಕೂ ತೊಂದರೆ ಆಗುತ್ತದೆ. ಎರಡು ವಲಯಗಳ ನಡುವಿನ ಗೆರೆ 78 ಡಿಗ್ರಿ ರೇಖಾಂಶ, ಅದು ಈ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು 43ರಲ್ಲಿದೆ, ಕೋಲಾರ ಪಟ್ಟಣ 44ರಲ್ಲಿದೆ. ಇಡೀ ಜಿಲ್ಲೆಗೆ ಒಂದೇ ವಲಯ ಬಳಸಿ, ಪರವಾಗಿಲ್ಲ. ಯಾವುದು ಎಂದು ಹೇಳಿ. ವಿಸ್ತೀರ್ಣವನ್ನು ಯಾವ ಪ್ರೊಜೆಕ್ಷನ್‌ನಲ್ಲಿ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ) ಲೆಕ್ಕ ಹಾಕಿದಿರಿ ಎಂಬುದನ್ನೂ ಇಲ್ಲೇ ಸೇರಿಸಿ.

ಹಳೆಯ ಸರ್ವೇ ಆಫ್ ಇಂಡಿಯಾ ಟೋಪೋಶೀಟಿನಿಂದ ಏನನ್ನಾದರೂ ಎಳೆದಿದ್ದರೆ ಇನ್ನೊಂದು ಎಚ್ಚರ. ಆ ನಕ್ಷೆ ಹಾಳೆಗಳು ಎವರೆಸ್ಟ್ ಗೋಳಾಭ ಎಂಬ ಭೂಮಿಯ ಆಕಾರದ ಹಳೆಯ ಮಾದರಿಯನ್ನು ಆಧರಿಸಿದವು. ಸರಿಯಾಗಿ ಪರಿವರ್ತನೆ ಮಾಡದೆ ಡಬ್ಲ್ಯುಜಿಎಸ್ 84 ಎಂದು ಚೀಟಿ ಅಂಟಿಸಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಜಾಸ್ತಿ ಸರಿಯುತ್ತದೆ. ಕೆರೆ ಏರಿ ಹೋಗಿ ಯಾರದ್ದೋ ಗದ್ದೆಯಲ್ಲಿ ನಿಲ್ಲುತ್ತದೆ. ಹಾಳೆಯ ಸಂಖ್ಯೆ (ಕೋಲಾರ ಪಟ್ಟಣಕ್ಕೆ 57ಕೆ/4), ಸ್ಕೇಲ್, ಸರ್ವೆ ವರ್ಷ, ಮಾಡಿದ ಪರಿವರ್ತನೆ, ನಾಲ್ಕನ್ನೂ ಬರೆಯಿರಿ.

ಹಂತ 6: ಹೇಗೆ ಮಾಡಿದಿರಿ?

ಇದನ್ನು ಲೀನಿಯೇಜ್ ಎನ್ನುತ್ತಾರೆ. ನನ್ನ ಪ್ರಕಾರ ಇಡೀ ಮೆಟಾಡೇಟಾದ ಜೀವ ಇಲ್ಲಿದೆ, ಜನ ಒಂದೇ ಸಾಲಿನಲ್ಲಿ ಮುಗಿಸುವುದೂ ಇದನ್ನೇ. "ಉಪಗ್ರಹ ಚಿತ್ರ ಬಳಸಿ ಡಿಜಿಟೈಸ್ ಮಾಡಲಾಗಿದೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅದೇ ವಿದ್ಯೆ ಗೊತ್ತಿರುವ ಇನ್ನೊಬ್ಬರು ಓದಿ ಹತ್ತಿರ ಹತ್ತಿರ ಅದೇ ಫಲಿತಾಂಶ ಪಡೆಯುವಷ್ಟು ವಿವರ ಇರಬೇಕು.

ನಮ್ಮ ಉದಾಹರಣೆಗೆ: ಯಾವ ಚಿತ್ರಗಳು, ಮೋಡ ಎಷ್ಟು, ವಾತಾವರಣದ ತಿದ್ದುಪಡಿ ಆದದ್ದಾ ಅಲ್ಲವಾ. ನೀರು ಗುರುತಿಸಲು ಎನ್‌ಡಿಡಬ್ಲ್ಯುಐ (ಎರಡು ಬಣ್ಣದ ಬೆಳಕನ್ನು ಹೋಲಿಸಿ ನೀರನ್ನು ತೋರಿಸುವ ಸೂಚ್ಯಂಕ) ಬಳಸಿದ್ದರೆ ಯಾವ ಬ್ಯಾಂಡುಗಳು, ಅಂದರೆ ಬೆಳಕಿನ ಯಾವ ಭಾಗಗಳು (ಸೆಂಟಿನೆಲ್-2ರಲ್ಲಿ ಹಸಿರಿಗೆ 3, ನಿಯರ್ ಇನ್‌ಫ್ರಾರೆಡ್‌ಗೆ 8), ಎಷ್ಟಕ್ಕಿಂತ ಮೇಲಿನದನ್ನು ನೀರು ಎಂದುಕೊಂಡಿರಿ, ಆ ಸಂಖ್ಯೆಯನ್ನು ಹೇಗೆ ಆರಿಸಿದಿರಿ. ಆಮೇಲೆ ರಾಸ್ಟರ್‌ನಿಂದ (ಪಿಕ್ಸೆಲ್‌ಗಳ ಚಿತ್ರದಿಂದ) ಪಾಲಿಗನ್ ಮಾಡಿದ್ದು, ಅಂಚು ನಯ ಮಾಡಿದ್ದರೆ ಎಷ್ಟು, ಕೈಯಿಂದ ಏನೇನು ತಿದ್ದಿದಿರಿ. ಬಳಸಿದ ಸಾಫ್ಟ್‌ವೇರಿನ ಹೆಸರು, ಆವೃತ್ತಿ.

ಕೈಯಿಂದ ಮಾಡಿದ ತೀರ್ಮಾನಗಳನ್ನು ಬರೆಯಲು ಜನ ಹಿಂದೆ ಮುಂದೆ ನೋಡುತ್ತಾರೆ, ವೈಜ್ಞಾನಿಕವಾಗಿ ಕಾಣಲ್ಲ ಅಂತ. ಬರೆಯಲೇಬೇಕು. ಕೋಲಾರದ ಎಷ್ಟೋ ಕೆರೆಗಳಲ್ಲಿ ಜೊಂಡು ಬೆಳೆದಿರುತ್ತದೆ. ಕೆಳಗೆ ನೀರಿದ್ದರೂ ಉಪಗ್ರಹಕ್ಕೆ ಅದು ಹಸಿರು ಗಿಡ. ನೀವು ಆ ಜಾಗವನ್ನು ಕೈಯಿಂದ ಸೇರಿಸಿದಿರೋ, ಬಿಟ್ಟಿರೋ? ಎರಡೂ ಸರಿಯಾಗಿರಬಹುದು. ಹೇಳದಿರುವುದು ಮಾತ್ರ ಸರಿಯಲ್ಲ.

ಹಂತ 7: ಕಾಲಂಗಳ ಅರ್ಥ

ಪ್ರತಿ ಕಾಲಂಗೂ ನಾಲ್ಕು ವಿಷಯ: ಪೂರ್ತಿ ಹೆಸರು, ಅರ್ಥ, ಅಳತೆಯ ಮಾನ, ಖಾಲಿ ಇದ್ದರೆ ಏನು ಅಂತ. ಕೇಳಲು ಬೋರು ಅನ್ನಿಸುತ್ತದೆ. ಆದರೆ ದೊಡ್ಡ ಅನಾಹುತಗಳು ಆಗುವುದು ಇಲ್ಲೇ.

ವಿಸ್ತೀರ್ಣವನ್ನೇ ತೆಗೆದುಕೊಳ್ಳಿ. ಪಹಣಿಯಲ್ಲಿ ಜಾಗದ ಅಳತೆ ಎಕರೆ ಮತ್ತು ಗುಂಟೆಯಲ್ಲಿರುತ್ತದೆ. ಯಾರೋ ಅದನ್ನು ಎಕ್ಸೆಲ್‌ನಲ್ಲಿ 1.20 ಎಂದು ಟೈಪ್ ಮಾಡುತ್ತಾರೆ. ಅವರ ಮನಸ್ಸಿನಲ್ಲಿ ಅದು 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆ. ಕಂಪ್ಯೂಟರಿಗೆ ಮಾತ್ರ ಒಂದು ಪಾಯಿಂಟ್ ಎರಡು ಎಕರೆ. ಕೂಡಿಸಿದರೆ ಇಡೀ ಹೋಬಳಿಯ ಲೆಕ್ಕ ಕೆಡುತ್ತದೆ, ಯಾವ ಸಂಖ್ಯೆಯೂ ನೋಡಲು ತಪ್ಪು ಅನ್ನಿಸುವುದಿಲ್ಲ. ಆಗುವುದಾದರೆ ಎಕರೆ ಒಂದು ಕಾಲಂ, ಗುಂಟೆ ಇನ್ನೊಂದು ಕಾಲಂ ಮಾಡಿ. ಇಲ್ಲದಿದ್ದರೆ ದಶಮಾಂಶ ಎಕರೆಯೋ ಎಕರೆ-ಗುಂಟೆಯೋ ಎಂದು ಮೆಟಾಡೇಟಾದಲ್ಲಿ ಉದಾಹರಣೆ ಸಮೇತ ಹೇಳಿ.

ಸರ್ವೆ ನಂಬರ್ ಇದ್ದರೆ ಎರಡು ಮಾತು. ಸರ್ವೆ ನಂಬರ್ ಒಂದು ಊರಿನೊಳಗೆ ಮಾತ್ರ ಗುರುತು. ಪಕ್ಕದ ಊರಿನಲ್ಲೂ 45 ಇರುತ್ತದೆ. ಹಾಗಾಗಿ ಗ್ರಾಮದ ಕೋಡ್ ಜೊತೆಗಿರಲಿ, ಆ ಕೋಡ್ 2011ರ ಜನಗಣತಿಯದೋ ಎಲ್‌ಜಿಡಿಯದೋ (ಕೇಂದ್ರ ಸರ್ಕಾರದ ಊರು, ಪಂಚಾಯತ್‌ಗಳ ಕೋಡ್ ಪಟ್ಟಿ) ಎಂದು ಬರೆಯಿರಿ. ಎರಡನೆಯದು, 12/1ರಂಥ ಹಿಸ್ಸಾ ನಂಬರನ್ನು ಎಕ್ಸೆಲ್ ದಿನಾಂಕ ಎಂದುಕೊಂಡು ಬದಲಾಯಿಸಿಬಿಡುತ್ತದೆ. ಕಾಲಂ ಟೆಕ್ಸ್ಟ್ ಮಾದರಿಯದು ಎಂದು ಸ್ಪಷ್ಟವಾಗಿ ನಮೂದಿಸಿ, ತೆರೆಯುವವರು ಹಾಗೇ ತೆರೆಯಲಿ.

ಕೆರೆಯ ಹೆಸರನ್ನು ಗುರುತಿನ ಸಂಖ್ಯೆಯ ಹಾಗೆ ಬಳಸಬೇಡಿ. ದೊಡ್ಡಕೆರೆ, ಹೊಸಕೆರೆ, ಊರ ಮುಂದಿನ ಕೆರೆ, ಇವು ಎಷ್ಟು ಊರಿನಲ್ಲಿಲ್ಲ ಹೇಳಿ! ಪ್ರತಿ ಕೆರೆಗೂ ಒಂದು ಬದಲಾಗದ ಐಡಿ ಕೊಡಿ. ಹೆಸರನ್ನು ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಕಾಲಂನಲ್ಲಿ ಇಡಿ. ಹೆಸರು ಎಲ್ಲಿಂದ ಬಂತು, ದಾಖಲೆಯಿಂದಲೋ ಊರಿನವರ ಬಾಯಿಂದಲೋ, ಅದನ್ನೂ ಹೇಳಿ.

ಸೊನ್ನೆ ಮತ್ತು ಖಾಲಿ ಒಂದೇ ಅಲ್ಲ. ವಿಸ್ತೀರ್ಣ 0 ಅಂದರೆ ಕೆರೆ ಒಣಗಿತ್ತು. ಖಾಲಿ ಅಂದರೆ ಮೋಡ ಇದ್ದು ನೋಡಲು ಆಗಲಿಲ್ಲ. ನಿಮ್ಮ ಫೈಲಿನಲ್ಲಿ ಏನೆಂದು ನೀವೇ ಹೇಳಬೇಕು.

ಹಂತ 8: ನಿಖರತೆ, ಮತ್ತು ಬಳಸಬಾರದ ಕಡೆ

ಸೆಂಟಿನೆಲ್-2ರ ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಹೆಚ್ಚು ಕಡಿಮೆ ಒಂದು ಪಿಕ್ಸೆಲ್‌ಗೆ ಒಂದು ಗುಂಟೆ. ಹೀಗೆ ಬರೆದರೆ ನಮ್ಮ ಓದುಗರಿಗೆ ತಕ್ಷಣ ಅರ್ಥವಾಗುತ್ತದೆ: ಈ ಫೈಲ್ ಇಟ್ಟುಕೊಂಡು ಒಂದೆರಡು ಗುಂಟೆಯ ಒತ್ತುವರಿ ಜಗಳ ತೀರಿಸಲು ಆಗುವುದಿಲ್ಲ. 1:50,000 ಸ್ಕೇಲಿನ ನಕ್ಷೆಯಾದರೂ ಅಷ್ಟೇ. ಹಾಳೆಯ ಮೇಲಿನ ಅರ್ಧ ಮಿಲಿಮೀಟರ್ ಗೆರೆ ನೆಲದ ಮೇಲೆ 25 ಮೀಟರ್.

"ನಿಖರತೆ: ಉತ್ತಮ" ಎಂದು ಬರೆಯಬೇಡಿ. ಎಷ್ಟು ಕೆರೆಗಳನ್ನು ಸ್ಥಳಕ್ಕೆ ಹೋಗಿ ಅಥವಾ ಇನ್ನೂ ಸ್ಪಷ್ಟವಾದ ಚಿತ್ರದಲ್ಲಿ ಪರೀಕ್ಷಿಸಿದಿರಿ, ಎಷ್ಟು ಹೊಂದಿದವು, ಹೊಂದದವು ಯಾವ ಥರದವು, ಇದನ್ನು ಬರೆಯಿರಿ. ಪರೀಕ್ಷೆ ಮಾಡಿಲ್ಲವೆಂದರೆ "ಸ್ಥಳ ಪರಿಶೀಲನೆ ಆಗಿಲ್ಲ" ಎಂದು ಬರೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ಓದುವವರಿಗೆ ದೊಡ್ಡ ಉಪಕಾರ.

ಇದರ ಕೆಳಗೆ "ಯಾವುದಕ್ಕೆ ಬಳಸಬಾರದು" ಎಂಬ ಪ್ಯಾರಾ ಒಂದು ಇರಲಿ. ಕೆರೆಯ ಮಾಲೀಕತ್ವ, ಗಡಿ ವಿವಾದ, ಬಫರ್ ವಲಯದ (ಕೆರೆಯ ಸುತ್ತ ಕಾಯ್ದಿಡುವ ಜಾಗ) ತೀರ್ಮಾನ, ನೀರಿನ ಪ್ರಮಾಣ (ಹರವು ಗೊತ್ತು, ಆಳ ಗೊತ್ತಿಲ್ಲ), ಇವುಗಳಿಗೆ ಈ ಪದರ ಸಾಲದು. ಮಾನದಂಡಗಳಲ್ಲಿ ಇದಕ್ಕೊಂದು ಜಾಗ ಇದ್ದೇ ಇದೆ, ತುಂಬುವವರು ಮಾತ್ರ ಕಡಿಮೆ.

ಹಂತ 9: ಲೈಸೆನ್ಸ್, ಸಂಪರ್ಕ, ಕೀವರ್ಡ್

ಲೈಸೆನ್ಸ್ ಬರೆಯದ ಡೇಟಾವನ್ನು ಎಚ್ಚರದ ಜನ ಮುಟ್ಟುವುದಿಲ್ಲ, ಎಚ್ಚರ ಇಲ್ಲದವರು ಹೇಗೆ ಬೇಕೋ ಹಾಗೆ ಬಳಸುತ್ತಾರೆ. ಸರ್ಕಾರಿ ಮುಕ್ತ ಡೇಟಾಗೆ 2017ರಲ್ಲಿ ಬಂದ ಗವರ್ನ್‌ಮೆಂಟ್ ಓಪನ್ ಡೇಟಾ ಲೈಸೆನ್ಸ್ ಇದೆ. ಖಾಸಗಿಯಾಗಿ ಮಾಡಿದ್ದಕ್ಕೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ 4.0 ಸಾಮಾನ್ಯ. ಜನರೇ ಸೇರಿ ಮಾಡುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಕೆರೆಗಳನ್ನು ತೆಗೆದುಕೊಂಡಿದ್ದರೆ ಅದರ ಓಡಿಬಿಎಲ್ ಲೈಸೆನ್ಸಿನ ಷರತ್ತು ನಿಮ್ಮ ಫೈಲಿಗೂ ಅಂಟಿಕೊಳ್ಳುತ್ತದೆ. ಹೆಸರು ಹೇಳಬೇಕು, ಅದನ್ನು ಬೆರೆಸಿ ಮಾಡಿದ ಡೇಟಾಬೇಸನ್ನು ಹೊರಗೆ ಬಿಟ್ಟರೆ ಅದೇ ಲೈಸೆನ್ಸ್ ಕೊಡಬೇಕು.

ಸಂಪರ್ಕಕ್ಕೆ ವ್ಯಕ್ತಿಯ ಮೊಬೈಲ್ ನಂಬರ್ ಬೇಡ, ಹುದ್ದೆ ಅಥವಾ ವಿಭಾಗದ ಇಮೇಲ್ ಕೊಡಿ. ಪಹಣಿಯಿಂದ ಬಂದ ರೈತರ ಹೆಸರುಗಳು ಕಾಲಂಗಳಲ್ಲಿ ಉಳಿದಿದ್ದರೆ ಹೊರಗೆ ಬಿಡುವ ಮೊದಲು ತೆಗೆಯಿರಿ, ತೆಗೆದದ್ದನ್ನು ಬರೆಯಿರಿ.

ಕೀವರ್ಡ್‌ಗಳಲ್ಲಿ ಹುಡುಕುವವರ ಮಾತು ಇರಲಿ: ಕೆರೆ, ಟ್ಯಾಂಕ್, ಲೇಕ್, ಜಲಮೂಲ. 2014ರ ನವೆಂಬರ್ 1ರಂದು ಹೆಸರು ಬದಲಾದ ಊರುಗಳಿಗೆ ಎರಡೂ ಹೆಸರು ಕೊಡಿ, ಬಿಜಾಪುರ ಮತ್ತು ವಿಜಯಪುರ, ಗುಲ್ಬರ್ಗ ಮತ್ತು ಕಲಬುರಗಿ. ವಿಜಯಪುರಕ್ಕಂತೂ ಜಿಲ್ಲೆಯ ಹೆಸರು ಸೇರಿಸಲೇಬೇಕು, ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ.

ಹಂತ 10: ಎಲ್ಲಿ ಇಡುವುದು?

ಕ್ಯೂಜಿಐಎಸ್ ಎಂಬ ಉಚಿತ ಜಿಐಎಸ್ ಸಾಫ್ಟ್‌ವೇರಿನಲ್ಲಿ ಪದರದ ಪ್ರಾಪರ್ಟೀಸ್ ತೆರೆದು ಮೆಟಾಡೇಟಾ ವಿಭಾಗಕ್ಕೆ ಹೋಗಿ. ಶೀರ್ಷಿಕೆ ಮತ್ತು ಸಾರಾಂಶ ಐಡೆಂಟಿಫಿಕೇಷನ್‌ನಲ್ಲಿ, ಲೈಸೆನ್ಸ್ ಆ್ಯಕ್ಸೆಸ್‌ನಲ್ಲಿ, ಸಿಆರ್‌ಎಸ್ ಮತ್ತು ದಿನಾಂಕ ಎಕ್ಸ್‌ಟೆಂಟ್‌ನಲ್ಲಿ, ಮಾಡಿದ ವಿಧಾನ ಹಿಸ್ಟರಿಯಲ್ಲಿ. ವ್ಯಾಲಿಡೇಷನ್ ಏನು ಬಿಟ್ಟುಹೋಗಿದೆ ಎಂದು ಹೇಳುತ್ತದೆ. ಒಂದು ವಿಷಯ ನೆನಪಿಡಿ: ಬರೀ ಓಕೆ ಒತ್ತಿದರೆ ಅದು ಆ ಪ್ರಾಜೆಕ್ಟಿನಲ್ಲಿ ಮಾತ್ರ ಉಳಿಯುತ್ತದೆ. ಕೆಳಗಿನ ಮೆಟಾಡೇಟಾ ಬಟನ್‌ನಿಂದ ಡೀಫಾಲ್ಟ್ ಆಗಿ ಸೇವ್ ಮಾಡಿ. ಜಿಐಎಸ್ ಡೇಟಾ ಇಡುವ ಎರಡು ಫಾರ್ಮ್ಯಾಟ್‌ಗಳಲ್ಲಿ ಶೇಪ್‌ಫೈಲ್ ಆದರೆ ಪಕ್ಕದಲ್ಲಿ ಮೆಟಾಡೇಟಾ ಇರುವ ಕ್ಯೂಎಂಡಿ ಫೈಲ್ ಹುಟ್ಟುತ್ತದೆ. ಜಿಯೋಪ್ಯಾಕೇಜ್ ಆದರೆ ಒಳಗೇ ಸೇರಿಕೊಳ್ಳುತ್ತದೆ.

ನನ್ನ ಸಲಹೆ ಜಿಯೋಪ್ಯಾಕೇಜ್. ಶೇಪ್‌ಫೈಲ್ ಅಂದರೆ ನಾಲ್ಕೈದು ತುಂಡು ಫೈಲುಗಳ ಗುಂಪು. ಕಳಿಸುವಾಗ ಮೊದಲು ತಪ್ಪಿಹೋಗುವುದು ಪಿಆರ್‌ಜೆ, ಸಿಆರ್‌ಎಸ್ ಇರುವುದು ಅದರಲ್ಲೇ. ಕಾಲಂ ಹೆಸರಿಗೆ 10 ಬೈಟ್, ಟೆಕ್ಸ್ಟಿಗೆ 254 ಬೈಟ್ ಮಿತಿ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಎನ್‌ಕೋಡಿಂಗ್) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. "ಕ್ಷೇ" ಎಂದು ಬರೆಯುವಷ್ಟರಲ್ಲೇ 12 ಆಯಿತು! ಈ ಎನ್‌ಕೋಡಿಂಗ್ ಯಾವುದು ಎಂದು ಹೇಳುವ ಸಿಪಿಜಿ ಫೈಲ್ ಕಳೆದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಅಥವಾ ಕಸ. ಶೇಪ್‌ಫೈಲೇ ಬೇಕು ಅಂದವರಿಗೆ ಎಲ್ಲವನ್ನೂ ಒಂದೇ ಜಿಪ್ ಮಾಡಿ ಕೊಡಿ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ.

ಫೈಲಿನೊಳಗಿನ ಮೆಟಾಡೇಟಾ ಜೊತೆಗೆ ಯಾರು ಬೇಕಾದರೂ ತೆರೆಯಬಹುದಾದ ಒಂದು ಸಾದಾ ರೀಡ್‌ಮಿ ಟೆಕ್ಸ್ಟ್ ಕೂಡ ಇರಲಿ. ಕಾಲಂಗಳ ಪಟ್ಟಿ ಅದರಲ್ಲಿ ಹಾಕಿ. ಜಿಐಎಸ್ ಗೊತ್ತಿಲ್ಲದ ಪಿಡಿಒ ಅಥವಾ ಪತ್ರಕರ್ತರು ಓದುವುದು ಅದನ್ನೇ.

ಹಂತ 11: ಬೇರೆಯವರ ಕೈಗೆ ಕೊಟ್ಟು ನೋಡಿ

ಕೆಲಸದಲ್ಲಿ ಇಲ್ಲದ ಒಬ್ಬರಿಗೆ ಡೇಟಾ ಮತ್ತು ಮೆಟಾಡೇಟಾ ಕೊಟ್ಟು, ಬಾಯಲ್ಲಿ ಏನೂ ಹೇಳದೆ ಮೂರು ಪ್ರಶ್ನೆ ಕೇಳಿ. ಈ ವಿಸ್ತೀರ್ಣ ಯಾವ ದಿನದ್ದು? ಕೆರೆ ಒತ್ತುವರಿ ಕೇಸಿಗೆ ಇದನ್ನು ಬಳಸಬಹುದಾ? ಮುಂದಿನ ವರ್ಷ ಇದೇ ವಿಧಾನದಲ್ಲಿ ನೀನು ಮಾಡಬಲ್ಲೆಯಾ? ಅವರು ನಿಮಗೆ ಫೋನ್ ಮಾಡಿ ಏನು ಕೇಳುತ್ತಾರೋ ಅದನ್ನು ಮೆಟಾಡೇಟಾಗೆ ಸೇರಿಸಿ.

ಆಮೇಲೆ ಡೇಟಾ ಬದಲಾದಾಗಲೆಲ್ಲ ಆವೃತ್ತಿ ಸಂಖ್ಯೆ, ದಿನಾಂಕ, ಬದಲಾದದ್ದು ಏನು, ಈ ಮೂರನ್ನು ಒಂದು ಸಾಲಿನಲ್ಲಿ ಕೆಳಗೆ ಸೇರಿಸುತ್ತಾ ಹೋಗಿ. "ಆವೃತ್ತಿ 1.1, ಮುಳಬಾಗಿಲು ತಾಲ್ಲೂಕಿನಲ್ಲಿ ಮೋಡದ ಕಾರಣ ಬಿಟ್ಟಿದ್ದ ಕೆರೆಗಳನ್ನು ಡಿಸೆಂಬರ್ ಚಿತ್ರದಿಂದ ಸೇರಿಸಿದೆ" ಎಂದಿದ್ದರೆ, ಹಳೆಯ ಫೈಲ್ ಇಟ್ಟುಕೊಂಡವರಿಗೆ ತಮ್ಮ ಲೆಕ್ಕ ಯಾಕೆ ಹೊಂದುತ್ತಿಲ್ಲ ಎಂದು ಗೊತ್ತಾಗುತ್ತದೆ. ಹಳೆಯ ಆವೃತ್ತಿಯನ್ನು ಅಳಿಸಬೇಡಿ, ಅದರ ಮೇಲೆ ಯಾರೋ ವರದಿ ಬರೆದಿರುತ್ತಾರೆ.